ಅಂಗಡಿಯಲ್ಲಿ ಹೋದ ಮಾನ ಯಾರದು?

ಶನಿವಾರ ಸಂಜೆ ಡಲ್ಲಾಸ್ ಕಡೆಯ ಅರ್ವಿಂಗಿನಲ್ಲೋ, ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯಲ್ಲೋ, ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲೋ ಇಂಡಿಯನ್ ಸ್ಟೋರಿಗೆ ಹೋಗುವವರಿಗೆ ಈ ಪ್ರಸಂಗಗಳು ಹೊಸವಲ್ಲ. ಒಂದು ಮಗು ಬಿಲ್ಲಿಂಗ್ ಸಾಲಿನಲ್ಲಿ ಚಾಕೊಲೇಟಿಗೆ ರಚ್ಚೆ ಹಿಡಿದು ನೆಲದಲ್ಲಿ ಹೊರಳುತ್ತದೆ. ಇನ್ನೊಂದು ಕಾರ್ಟಿನಲ್ಲಿ ಕೂತಲ್ಲಿಂದಲೇ ಕೈಚಾಚಿ ಉಪ್ಪಿನಕಾಯಿ ಬಾಟಲಿ ಬೀಳಿಸುತ್ತದೆ. ಖಾರದ ಎಣ್ಣೆ ಪಕ್ಕದವರ ಚಪ್ಪಲಿಯವರೆಗೂ ಹರಿಯುತ್ತದೆ. ಮತ್ತೊಂದು “ಅಮ್ಮಾ, ಆ ಅಂಕಲ್ ಹೊಟ್ಟೆ ಯಾಕೆ ಅಷ್ಟು ದಪ್ಪ?” ಎಂದು ಕೂಗುತ್ತದೆ. ಕನ್ನಡ ಯಾರಿಗೆ ತಿಳಿದೀತು ಎಂಬ ಧೈರ್ಯ ವಾಲ್‌ಮಾರ್ಟಿನಲ್ಲಿ ನಡೆದೀತು. ಇಲ್ಲಿ ಆ ಅಂಕಲ್ಲೇ ಹಾಸನದವರಾಗಿರಬಹುದು. ಇಂಥದ್ದಕ್ಕೆಲ್ಲ ನಮ್ಮವರ ತೀರ್ಪು ಒಂದೇ: ಬೆಳೆಸಿದ ರೀತಿ ಸರಿಯಿಲ್ಲ. ನನ್ನ ವಾದ ಬೇರೆ. ಹೋದ ಮಾನದಲ್ಲಿ ಮಗುವಿನ ಪಾಲು ಕಡಿಮೆ, ಅಂಗಡಿಯ ಪಾಲು ಹೆಚ್ಚು, ನಿಂತು ನೋಡುವ ನಮ್ಮ ಪಾಲು ಅದಕ್ಕಿಂತ ಹೆಚ್ಚು.

“ನಮ್ಮ ಕಾಲದಲ್ಲಿ ಮಕ್ಕಳು ಹೀಗಿರಲಿಲ್ಲ” ಎನ್ನುತ್ತಾರೆ ಊರಿಂದ ಬಂದ ಅಜ್ಜ-ಅಜ್ಜಿಯರು. ಆ ಕಾಲದ ಅಂಗಡಿಯೂ ಹೀಗಿರಲಿಲ್ಲ. ಶೆಟ್ಟರ ಅಂಗಡಿಯಲ್ಲಿ ಸಾಮಾನೆಲ್ಲ ಗಲ್ಲಾಪೆಟ್ಟಿಗೆಯ ಆಚೆ; ಚೀಟಿ ಕೊಟ್ಟರೆ ಅವರೇ ತೂಗಿ ಪೊಟ್ಟಣ ಕಟ್ಟುತ್ತಿದ್ದರು. ಮಗುವಿನ ಕೈಗೆ ಎಟುಕುತ್ತಿದ್ದದ್ದು ಅವರು ತಾವಾಗಿ ಕೊಟ್ಟ ಪೆಪ್ಪರಮಿಂಟು ಮಾತ್ರ. ಅಮೆರಿಕದಲ್ಲೂ ಸಾಮಾನ್ಯವಾಗಿ ಇದೇ ಪದ್ಧತಿಯಿತ್ತು. 1916ರಲ್ಲಿ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದ ಪಿಗ್ಲಿ ವಿಗ್ಲಿ ಅಂಗಡಿ ಗಿರಾಕಿಯನ್ನೇ ಕಪಾಟಿನ ಮುಂದೆ ನಿಲ್ಲಿಸಿತು. 1937ರಲ್ಲಿ, ಡಲ್ಲಾಸಿನಿಂದ ಸುಮಾರು 200 ಮೈಲಿ ದೂರದ ಒಕ್ಲಹೋಮಾ ಸಿಟಿಯಲ್ಲಿ, ಸಿಲ್ವನ್ ಗೋಲ್ಡ್‌ಮನ್ ತಳ್ಳುವ ಕಾರ್ಟನ್ನು ಬಳಕೆಗೆ ತಂದ. ಗಿರಾಕಿ ಹೆಚ್ಚು ಹೊತ್ತು ಸುತ್ತಲಿ, ಕಂಡದ್ದನ್ನು ಎತ್ತಿಕೊಳ್ಳಲಿ ಎಂಬುದೇ ಈ ಏರ್ಪಾಡಿನ ಲೆಕ್ಕಾಚಾರ. ಬಿಲ್ಲಿಂಗ್ ಸಾಲಿನ ಮಿಠಾಯಿ ಮಗುವಿನ ಕಣ್ಣಿನ ಮಟ್ಟಕ್ಕೆ ಬಂದು ಕೂತದ್ದೂ ಆಕಸ್ಮಿಕವಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ದೊಡ್ಡ ಅಂಗಡಿಗಳ ಬಿಲ್ಲಿಂಗ್ ಜಾಗದಿಂದ ಅತಿ ಸಿಹಿ ತಿನಿಸುಗಳನ್ನು ದೂರವಿಡಲು ಕಾನೂನು ತಂದವು. ತಪ್ಪೆಲ್ಲ ತಾಯಿತಂದೆಯದೇ ಆಗಿದ್ದರೆ ಅದರ ಅಗತ್ಯವೇನಿತ್ತು?

ಹಾಗಾದರೆ ಮಕ್ಕಳನ್ನು ಬಿಟ್ಟು ಬರಬಹುದಲ್ಲ ಎಂದರೆ, ಎಲ್ಲಿ ಬಿಡುವುದು? ಪಕ್ಕದ ಮನೆಯಲ್ಲಿ ಚಿಕ್ಕಮ್ಮ ಇಲ್ಲ. ಕಾರಿನಲ್ಲಿ ಬಿಡುವಂತಿಲ್ಲ: ಏಳು ವರ್ಷದೊಳಗಿನ ಮಗುವನ್ನು, ಕನಿಷ್ಠ 14 ವರ್ಷದವರೊಬ್ಬರು ಜೊತೆಗಿಲ್ಲದೆ, ಐದು ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಟೆಕ್ಸಸ್‌ನಲ್ಲಿ ಅಪರಾಧ. ಇಲ್ಲಿನ ಆಗಸ್ಟ್ ಬಿಸಿಲು ಕಂಡವರು ಆ ಕಾನೂನನ್ನು ದೂರಲಾರರು. ಫೋನಿನಲ್ಲಿ ಆರ್ಡರ್ ಮಾಡಿ ಡಿಕ್ಕಿಗೆ ಹಾಕಿಸಿಕೊಂಡು ಬರುವ ಸೌಲಭ್ಯವಿದೆ, ನಿಜ. ತುರ್ತಿಗೆ ಅದು ಒಳ್ಳೆಯದೇ. ಆದರೆ ಸಾಲಿನಲ್ಲಿ ಕಾಯುವುದು, ಬೇಡವೆಂದರೆ ಬೇಡ ಎಂಬುದನ್ನು ಒಪ್ಪಿಕೊಳ್ಳುವುದು, ಬೇರೆಯವರ ದೇಹದ ಬಗ್ಗೆ ಆಡಬಾರದೆಂದು ತಿಳಿಯುವುದು ಜನರ ನಡುವೆಯೇ ಬರಬೇಕಾದ ಪಾಠ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಶಿಸ್ತು ಬೇಡವೇ? ಬೇಕು. ಅದನ್ನು ಕೆಡಿಸುವುದೇ ಸುತ್ತಲಿನ ನೋಟ. ಸ್ಕಿನ್ನರ್ ಮತ್ತು ಫರ್ಸ್ಟರ್ 1957ರಲ್ಲಿ ಪ್ರಕಟಿಸಿದ ಪ್ರಯೋಗಗಳ ನಂತರ ಮನಶ್ಶಾಸ್ತ್ರದಲ್ಲಿ ನೆಲೆಯೂರಿದ ಒಂದು ತಿಳಿವಳಿಕೆಯಿದೆ: ಪ್ರತಿ ಸಲ ಸಿಗುವ ಬಹುಮಾನಕ್ಕಿಂತ ಯಾವಾಗಲೋ ಒಮ್ಮೆ ಸಿಗುವುದು ಅಭ್ಯಾಸವನ್ನು ಬಿಡಿಸಲು ಕಷ್ಟವಾಗುವಷ್ಟು ಬಿಗಿ ಮಾಡುತ್ತದೆ. ನಾಲ್ಕು ವಾರ ಜಗ್ಗದ ತಾಯಿ ಐದನೆಯ ವಾರ, ಸಾಲಿನಲ್ಲಿ ಯಾರೋ ಹುಬ್ಬು ಗಂಟಿಕ್ಕಿದರೆಂದು ಚಾಕೊಲೇಟು ಕೊಟ್ಟರೆ, ಮಗು ಕಲಿಯುವುದು ಇಷ್ಟೇ: ಇನ್ನೂ ಜೋರಾಗಿ ಅಳಬೇಕು. ನಾಚಿಕೆ ಹುಟ್ಟಿಸಿ ಶಿಸ್ತು ತರಲು ಹೊರಟ ನಾವೇ ಮುಂದಿನ ವಾರದ ರಚ್ಚೆಗೆ ಬೀಜ ಬಿತ್ತಿರುತ್ತೇವೆ.

ಬಿದ್ದ ಬಾಟಲಿಗೆ ಕ್ಷಮೆ ಕೇಳಿ, ದುಡ್ಡು ಕೊಡಲು ಮುಂದಾಗುವುದು ಹೆತ್ತವರ ಹೊಣೆ. ಅದರಲ್ಲಿ ರಿಯಾಯಿತಿ ಬೇಡ. ಉಳಿದವರ ಕೆಲಸ ಸುಲಭ: ಮುಂದಿನವರ ದೋಸೆಹಿಟ್ಟು, ಕರಿಬೇವನ್ನು ಬೆಲ್ಟಿನ ಮೇಲಿಡಲು ಕೈಜೋಡಿಸುವುದು, “ನಿಧಾನ ಆಗಲಿ, ನಮಗೇನೂ ಅವಸರವಿಲ್ಲ” ಎನ್ನುವುದು. ಹೊಟ್ಟೆಯ ಮಾತು ಕೇಳಿಸಿಕೊಂಡ ಹಾಸನದವರು “ಮುದ್ದೆ ತಿಂದು ಬಂದದ್ದಪ್ಪಾ” ಎಂದು ನಕ್ಕುಬಿಟ್ಟರೆ ಅಲ್ಲಿಗೆ ಮುಗಿಯಿತು. ಯುಗಾದಿ, ರಾಜ್ಯೋತ್ಸವಕ್ಕೆ ಸೇರಿದಾಗ ನಾವೆಲ್ಲ ಒಂದೇ ಮನೆಯವರು ಎನ್ನುತ್ತೇವೆ. ಬಿಲ್ಲಿಂಗ್ ಸಾಲಿನಲ್ಲಿ ಅದು ನಿಜವಾಗದಿದ್ದರೆ ವೇದಿಕೆಯ ಮೇಲೆ ಹೇಳಿ ಪ್ರಯೋಜನವಿಲ್ಲ.