ಹೊಗೆಯ ಪಾಪ ಯಾರ ಖಾತೆಗೆ?

ಬೆಳಗಿನ ಸಮಯದಲ್ಲಿ ಸೊಲ್ಲಾಪುರದ ಪೇಟೆಯ ಓಣಿಗಳಲ್ಲಿ ಒಂದು ದೃಶ್ಯವು ಸಾಮಾನ್ಯವಾಗಿರುತ್ತದೆ. ಅಂಗಡಿಯ ಬಾಗಿಲು ತೆರೆಯುತ್ತದೆ. ಆಳು ಕಸ ಗುಡಿಸಿ, ಹರಿದ ರಟ್ಟು, ಪ್ಲಾಸ್ಟಿಕ್ ಚೀಲ, ಸುತಳಿಯ ತುಂಡುಗಳನ್ನೆಲ್ಲ ಎದುರಿನ ಬೇವಿನ ಮರದ ಬುಡಕ್ಕೆ ಗುಂಪು ಹಾಕಿ ಕಡ್ಡಿ ಗೀರುತ್ತಾನೆ. ಮಾಲೀಕನು ಪಟಕ್ಕೆ ಊದುಬತ್ತಿ ಬೆಳಗಿ ಗಾದಿಯ ಮೇಲೆ ಕುಳಿತುಕೊಳ್ಳುತ್ತಾನೆ. ಆತನು ಕಂದಮೂಲಗಳನ್ನು ತ್ಯಜಿಸಿದವನು, ನೀರನ್ನು ಸೋಸಿ ಕುಡಿಯುವವನು, ಸೂರ್ಯಾಸ್ತದ ನಂತರ ಅನ್ನ ಮುಟ್ಟದವನು. ತನ್ನ ಕಣ್ಣೆದುರಿಗೆ ಒಂದು ಹಿಂಸಾಕಾರ್ಯ ನಡೆಯಿತೆಂಬ ಭಾವನೆಯು ಆತನಲ್ಲಿ ಲವಲೇಶವೂ ಇರುವುದಿಲ್ಲ.

ಹಿಂಸೆ ನಡೆದಿದೆಯೇ, ಇಲ್ಲವೇ? ಈ ಪ್ರಶ್ನೆಗೆ ಉತ್ತರವು ತೋರುವಷ್ಟು ಸುಲಭವಲ್ಲ.

ಹೊಗೆಯಲ್ಲಿರುವ ಅತಿ ಸೂಕ್ಷ್ಮ ಕಣಗಳ ಗಾತ್ರವು 2.5 ಮೈಕ್ರಾನಿಗಿಂತಲೂ ಕಡಿಮೆ. ಅಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಮೂಗಿನ ರೋಮವಾಗಲಿ ಗಂಟಲಿನ ಕಫವಾಗಲಿ ಇವನ್ನು ಪೂರ್ತಿಯಾಗಿ ತಡೆಯಲಾರವು. ಅವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ, ಕೆಲವು ರಕ್ತಕ್ಕೂ ಸೇರುತ್ತವೆ. ಒಂದು ಘನಮೀಟರ್ ಗಾಳಿಯಲ್ಲಿ ಈ ಕಣಗಳ ವಾರ್ಷಿಕ ಸರಾಸರಿಯು 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೇಳಿತು. ಭಾರತವು 2009ರಲ್ಲಿ ಗೊತ್ತುಪಡಿಸಿದ ಮಿತಿ 40. ಹೊರಗಿನ ಗಾಳಿಯ ಮಾಲಿನ್ಯದಿಂದ 2019ರಲ್ಲಿ ಜಗತ್ತಿನಲ್ಲಿ 42 ಲಕ್ಷ ಜನರು ಅಕಾಲ ಮರಣಕ್ಕೆ ತುತ್ತಾದರೆಂಬುದು ಅದೇ ಸಂಸ್ಥೆಯ ಅಂದಾಜು. ಕೇಂದ್ರ ಸರಕಾರವು 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ, ಗಾಳಿಯು ಮಟ್ಟಕ್ಕೆ ಬಾರದ ನಗರಗಳ ಸಾಲಿನಲ್ಲಿ ಸೊಲ್ಲಾಪುರದ ಹೆಸರೂ ಸೇರಿದೆ.

ಇಷ್ಟೆಲ್ಲ ತಿಳಿದ ಮೇಲೆಯೂ ವ್ಯಾಪಾರಿಯ ವಾದವೊಂದು ಉಳಿಯುತ್ತದೆ. “ನನ್ನ ಒಂದು ಬುಟ್ಟಿ ಕಸದ ಹೊಗೆಯಿಂದ ಸತ್ತವನು ಯಾರು? ತೋರಿಸಿರಿ” ಎಂದು ಆತನು ಕೇಳುತ್ತಾನೆ. ತೋರಿಸಲಾಗುವುದಿಲ್ಲ, ಇದು ನಿಜವೇ. ಚೂರಿಯ ಹಿಂದೆ ಒಂದು ಕೈ ಇರುತ್ತದೆ. ಹೊಗೆಯ ಹಿಂದೆ ಸಾವಿರ ಕೈಗಳಿರುತ್ತವೆ, ಯಾವುದೂ ಕಾಣುವುದಿಲ್ಲ.

ಈ ಪ್ರಶ್ನೆಯು ದೂರದ ಲಂಡನ್ ನಗರದಲ್ಲಿ ಒಮ್ಮೆ ವಿಚಾರಣೆಗೇ ಬಂದಿತು. ಎಲ್ಲಾ ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಬಾಲಕಿಯು ವಾಹನಗಳಿಂದ ತುಂಬಿ ಹರಿಯುವ ದೊಡ್ಡ ರಸ್ತೆಯೊಂದರ ಸಮೀಪ ವಾಸವಾಗಿದ್ದಳು. ತೀವ್ರ ಉಬ್ಬಸದಿಂದ ಬಳಲಿ 2013ರ ಫೆಬ್ರುವರಿಯಲ್ಲಿ ತೀರಿಕೊಂಡಳು. ತಾಯಿಯು ಸುಮ್ಮನಿರಲಿಲ್ಲ. ಮೊದಲ ವಿಚಾರಣೆಯ ನಿರ್ಣಯವನ್ನು ರದ್ದುಪಡಿಸಿಕೊಂಡು ಎರಡನೆಯ ವಿಚಾರಣೆ ನಡೆಯುವಂತೆ ಹೋರಾಡಿದಳು. 2020ರ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿಯು ಆ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ದಾಖಲಿಸಿದನು. ಆ ದೇಶದಲ್ಲಿ ಇಂತಹ ನಿರ್ಣಯವು ಅದೇ ಮೊದಲು. ಕಾರಣದ ಹೆಸರು ಸಿಕ್ಕಿತು. ಕರ್ತೃವಿನ ಹೆಸರು ಸಿಗಲಿಲ್ಲ. ಆ ರಸ್ತೆಯಲ್ಲಿ ವಾಹನ ಓಡಿಸಿದ ಒಬ್ಬೊಬ್ಬನೂ ಮನೆಗೆ ಹೋಗಿ ನಿಶ್ಚಿಂತೆಯಿಂದ ಊಟ ಮಾಡಿರಬೇಕು.

ರಾಜ್ಯದ ಕಾನೂನು ಕೈ ಚೆಲ್ಲುವ ಈ ಸ್ಥಳದಲ್ಲಿ ಜೈನಾಚಾರ್ಯರ ವಿಚಾರವು ಹೆಚ್ಚು ಕಟ್ಟುನಿಟ್ಟಾಗಿದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಸತ್ತವನನ್ನು ತೋರಿಸು ಎಂಬ ಸವಾಲು ಅಲ್ಲಿ ನಡೆಯುವುದಿಲ್ಲ; ಎಚ್ಚರ ತಪ್ಪಿದ್ದು ಎಲ್ಲಿ ಎಂಬುದೇ ಪ್ರಶ್ನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ಸೇರಿಸಿದ್ದಾರೆ. ವ್ಯರ್ಥವಾಗಿ ಬೆಂಕಿ ಹೊತ್ತಿಸುವುದೂ ಗಿಡಮರ ಕಡಿಯುವುದೂ ಅದರಲ್ಲಿ ಬರುತ್ತವೆ. ಇನ್ನು ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳು ಎಲ್ಲ ಶ್ರಾವಕರಿಗೂ ಗೊತ್ತಿದ್ದವೇ. ಕಡ್ಡಿ ಗೀರಿದವನು ಆಳು, ಗೀರಿಸಿದವನು ಮಾಲೀಕ, ನೋಡಿ ತಲೆಯಾಡಿಸಿದವನು ಪಕ್ಕದ ಅಂಗಡಿಯವನು. ಹತ್ತು ಜನರು ಕೂಡಿ ಮಾಡಿದ ವ್ಯಾಪಾರದಲ್ಲಿ ಲಾಭವು ಹತ್ತು ಪಾಲಾಗುತ್ತದೆ. ಕರ್ಮಬಂಧವು ಹಾಗೆ ಪಾಲಾಗದೆ, ಪ್ರತಿಯೊಬ್ಬನ ಭಾವಕ್ಕೆ ತಕ್ಕಂತೆ ಪೂರ್ತಿಯಾಗಿ ಅಂಟುತ್ತದೆ.

ಪ್ರಯೋಜನದ ಮಾತನ್ನೂ ನೋಡಬೇಕು. ಗುಡಿಸಲಿನ ತಾಯಿಯು ಸೌದೆಯ ಒಲೆ ಹೊತ್ತಿಸುವುದು ಮಕ್ಕಳ ಹೊಟ್ಟೆಗಾಗಿ. ಅದರ ಹೊಗೆಯನ್ನು ಮೊದಲು ಕುಡಿಯುವವಳೂ ಆಕೆಯೇ. ಪೇಟೆಯ ಕಸದ ಬೆಂಕಿಗೆ ಯಾವ ಪ್ರಯೋಜನವಿದೆ? ನಗರಪಾಲಿಕೆಯ ಘಂಟಾಗಾಡಿಯು ಹೊತ್ತಿಗೆ ಸರಿಯಾಗಿ ಬರುವುದಿಲ್ಲವೆಂಬ ದೂರು ಅನೇಕ ಕಡೆ ಇದೆ, ಅದು ಸುಳ್ಳೂ ಅಲ್ಲ. ಆದರೂ ಒಂದು ಚೀಲದಲ್ಲಿ ಕಸವನ್ನು ಕಟ್ಟಿ ಮಧ್ಯಾಹ್ನದವರೆಗೆ ಇಡಲಾರದಷ್ಟು ಇಕ್ಕಟ್ಟು ಯಾವ ಅಂಗಡಿಯಲ್ಲಿದೆ? ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿಯೇ ಆದೇಶಿಸಿತು. ದಂಡದ ಭಯದಿಂದ ಬೆಂಕಿಯು ಆರಿದಂತೆ ಕಾಣುವುದಿಲ್ಲ.

ಇದಕ್ಕೆ ಪರಿಹಾರವೆಂದು ಸಜ್ಜನರು ಸಸಿ ನೆಡುತ್ತಾರೆ. ಒಳ್ಳೆಯ ಕಾರ್ಯವೇ. ಆದರೆ ಅದನ್ನು ಜಮಾ ಬದಿಗೆ ಬರೆದು ಹೊಗೆಯ ಖರ್ಚನ್ನು ಸರಿದೂಗಿಸುವ ಲೆಕ್ಕವು ತಪ್ಪು ಲೆಕ್ಕವಾಗಿದೆ. ಅಮೇರಿಕದ ನಗರಗಳ ಮರಗಳನ್ನು ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮರಗಳಿಂದಾಗಿ ಗಾಳಿಯ ಗುಣವು ಸುಧಾರಿಸುವುದು ಬಹುತೇಕ ಶೇಕಡಾ ಒಂದಕ್ಕಿಂತ ಕಡಿಮೆ ಎಂದು ಕಂಡುಬಂದಿತು. ಎರಡೂ ಕಡೆ ಕಟ್ಟಡಗಳಿರುವ ಇಕ್ಕಟ್ಟಾದ ರಸ್ತೆಯಲ್ಲಿ ದಟ್ಟವಾದ ಕೊಂಬೆಗಳು ಹೊಗೆಯನ್ನು ಮೇಲೇರಗೊಡದೆ ಕೆಳಗೇ ಹಿಡಿದಿಡುವುದೂ ಉಂಟು. ಎಲೆಯ ಮೇಲೆ ಕುಳಿತ ಧೂಳು ಮಳೆಗೆ ತೊಳೆದು ಹೋಗುತ್ತದೆ. ಉಸಿರಿಗೆ ಹೋದ ಧೂಳು ಹೋಗುವುದಿಲ್ಲ.

ಹಾಗೆಂದು ಮರದ ಬೆಲೆ ಕಡಿಮೆಯಾಗಲಿಲ್ಲ. ಬೇಸಿಗೆಯಲ್ಲಿ 43 ಡಿಗ್ರಿ ಮುಟ್ಟುವ ಊರಿನಲ್ಲಿ ಒಂದು ಬೇವಿನ ನೆರಳೆಂದರೆ ಎಷ್ಟೆಂಬುದನ್ನು ಅದರ ಕೆಳಗೆ ಹೂವು ಮಾರುವವಳನ್ನು ಕೇಳಬೇಕು. ಮೇಲಾಗಿ ವನಸ್ಪತಿಕಾಯವು ಏಕೇಂದ್ರಿಯ ಜೀವ. ಮನುಷ್ಯನ ಗಾಳಿಯನ್ನು ಸೋಸುವುದಕ್ಕಾಗಿಯೇ ಹುಟ್ಟಿದ ಯಂತ್ರವಲ್ಲ. ಅಂಗಡಿಯ ಬೋರ್ಡು ಮುಚ್ಚುತ್ತದೆಂದು ಅದನ್ನು ಕಡಿಸಲು ಹವಣಿಸುವವರಿಗೆ ಮಹಾರಾಷ್ಟ್ರದ 1975ರ ವೃಕ್ಷ ಸಂರಕ್ಷಣಾ ಕಾಯದೆ ಅಡ್ಡ ಬರುತ್ತದೆ, ಅನುಮತಿ ಬೇಕಾಗುತ್ತದೆ. ದಿನವೂ ಬುಡದಲ್ಲಿ ಕಸ ಸುಡುವುದಕ್ಕೆ ಅರ್ಜಿ ಬೇಕಿಲ್ಲ. ತೊಗಟೆ ಸುಟ್ಟು, ಒಂದು ಬದಿ ಒಣಗಿ, ನಾಲ್ಕಾರು ವರ್ಷಗಳಲ್ಲಿ ಮರವು ತಾನಾಗಿಯೇ ಸತ್ತಿತೆಂದು ಹೇಳಲಾಗುತ್ತದೆ. ಹೂವಿನವಳು ಅಲ್ಲಿಯೇ ಕೆಮ್ಮುತ್ತ ಕುಳಿತಿರುತ್ತಾಳೆ. ಗಾಜಿನ ಬಾಗಿಲಿನ ಒಳಗೆ ಕುಳಿತವನಿಗೆ ಆ ಕೆಮ್ಮು ಕೇಳಿಸುವುದಿಲ್ಲ.

ಉತ್ಸವದ ದಿನವೂ ಈ ಪರೀಕ್ಷೆ ತಪ್ಪಿದ್ದಲ್ಲ. ರಥ ಎಳೆದು, ಅಭಿಷೇಕ ಮುಗಿದು, ಸಾವಿರಾರು ಜನರ ಭೋಜನವಾದ ಮೇಲೆ ಕಾಗದದ ತಟ್ಟೆ, ಲೋಟ, ಹೂಮಾಲೆಗಳ ರಾಶಿಯು ಜಿನಮಂದಿರದ ಹಿಂಭಾಗದಲ್ಲಿ ಬೀಳುತ್ತದೆ. ಎಲ್ಲರೂ ದಣಿದಿರುತ್ತಾರೆ. ಘಂಟಾಗಾಡಿ ಬರುವುದು ಮರುದಿನ. ಅಡಿಗೆಯವರ ಬಳಿ ಕಡ್ಡಿಪೆಟ್ಟಿಗೆ ಇರುತ್ತದೆ, ಟ್ರಸ್ಟಿನ ಹಿರಿಯರು ಪಕ್ಕದಲ್ಲಿಯೇ ನಿಂತಿರುತ್ತಾರೆ.