ಮರುದಿನ ಹೊರಟುಹೋದ ಸಮಾರಿಯದವನು

ಸಂತ ಲೂಕನ ಶುಭಸಂದೇಶದಲ್ಲಿರುವ ದಯಾಳು ಸಮಾರಿಯದವನ ಸಾಮತಿಯನ್ನು ಕೇಳದ ಕ್ರೈಸ್ತ ಕುಟುಂಬವಿಲ್ಲ. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿ, ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನು, ಕಂಡೂ ಕಾಣದಂತೆ ಮುಂದೆ ಹೋದ ಯಾಜಕ ಮತ್ತು ಲೇವಿಯ, ಎಣ್ಣೆ ದ್ರಾಕ್ಷಾರಸ ಸುರಿದು ಗಾಯ ಕಟ್ಟಿದ ಪರದೇಶಿ, ಇವೆಲ್ಲ ಧರ್ಮೋಪದೇಶ ತರಗತಿಯ ಮಕ್ಕಳಿಗೂ ಬಾಯಿಪಾಠ. ಆದರೆ ಗುರುಗಳಾದ ನಾವು ಪ್ರಬೋಧನೆಯಲ್ಲಿ ಬೇಗನೆ ದಾಟಿಬಿಡುವ ಸಂಗತಿಯೊಂದು ಅಲ್ಲಿದೆ. ಸಮಾರಿಯದವನು ಛತ್ರದಲ್ಲಿ ಉಳಿದದ್ದು ಒಂದೇ ರಾತ್ರಿ. ಮರುದಿನ ಆತನು ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯಗಳನ್ನಿತ್ತು, ಹೆಚ್ಚಿನ ಖರ್ಚನ್ನು ಹಿಂದಿರುಗುವಾಗ ತೀರಿಸುವುದಾಗಿ ಹೇಳಿ ಹೊರಟುಹೋದ. ಗಾಯಾಳು ಇನ್ನೂ ಹಾಸಿಗೆಯ ಮೇಲಿದ್ದ. ಹೀಗೆ ಬಿಟ್ಟುಹೋದದ್ದು ಸರಿಯೇ?

ಇದು ಬೈಬಲ್ ಪಂಡಿತರು ಮಾತ್ರ ಚರ್ಚಿಸಬೇಕಾದ ಪ್ರಶ್ನೆಯಲ್ಲ. ಆಗಸ್ಟ್ 15 ನಮ್ಮ ಧರ್ಮಕೇಂದ್ರಗಳಲ್ಲಿ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವವೂ ನಾಡಿನ ಸ್ವಾತಂತ್ರ್ಯೋತ್ಸವವೂ ಒಟ್ಟಾಗಿ ಬರುವ ದಿನ. 2021ರಲ್ಲಿ ಅದೇ ದಿನ ಅಫ್ಘಾನಿಸ್ತಾನದ ರಾಜಧಾನಿ ಕಾಬೂಲ್ ತಾಲಿಬಾನಿನ ವಶವಾಯಿತು. ಆ ಹೊತ್ತಿನಲ್ಲಿ ಆ ದೇಶದಲ್ಲಿದ್ದವರ ಪೈಕಿ ನಮ್ಮವರೂ ಇದ್ದರು. ಯೇಸುಸಭೆಯ ಫಾದರ್ ಜೆರೋಮ್ ಸಿಕ್ವೇರಾ ಮತ್ತು ಫಾದರ್ ರಾಬರ್ಟ್ ರೊಡ್ರಿಗಸ್ ಇಬ್ಬರೂ ಕರ್ನಾಟಕ ಪ್ರಾಂತ್ಯದ ಗುರುಗಳು. ಸಿಸ್ಟರ್ ತೆರೆಸಾ ಕ್ರಾಸ್ತಾ ಕಾಸರಗೋಡು ಸಮೀಪದ ಬೇಳದವರು. ಆತಂಕದ ದಿನಗಳನ್ನು ಕಳೆದು ಮೂವರೂ ಸುರಕ್ಷಿತವಾಗಿ ಹೊರಬಂದರು. ನಾವೆಲ್ಲ ದೇವರಿಗೆ ಸ್ತೋತ್ರ ಸಲ್ಲಿಸಿದೆವು. ಆದರೆ ಆ ಸ್ತೋತ್ರದ ಬೆನ್ನಲ್ಲೇ ನಮ್ಮ ಮನೆಗಳಲ್ಲಿ ಎರಡು ಮಾತುಗಳು ಕೇಳಿಬಂದವು. ‘ಅಂಥ ಅಪಾಯದ ದೇಶಕ್ಕೆ ಇವರನ್ನು ಯಾರು ಹೋಗೆಂದರು?’ ಎಂಬುದು ಒಂದು. ‘ಸೇವೆಗೆಂದು ಹೋದವರು ಕಷ್ಟ ಬಂದಾಗ ಬಿಟ್ಟುಬರಬಹುದೇ?’ ಎಂಬುದು ಇನ್ನೊಂದು. ಒಬ್ಬರೇ ಎರಡನ್ನೂ ಕೇಳಿದ್ದುಂಟು!

ಆ ದೇಶ ನಾವು ಭಾವಿಸುವಷ್ಟು ದೂರದ್ದಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವಿರುವ ನಮ್ಮ ಸಾರಿಗೆ ಒಗ್ಗರಣೆಯಲ್ಲಿ ಬೀಳುವ ಇಂಗು ಬಹುಮಟ್ಟಿಗೆ ಅಫ್ಘಾನಿಸ್ತಾನದ ಬೆಟ್ಟಗಳಿಂದ ಬಂದದ್ದು. ಅಲ್ಲಿನ ಒಣ ಇಳಿಜಾರುಗಳಲ್ಲಿ ಬೆಳೆಯುವ ಗಿಡವೊಂದರ ಬೇರನ್ನು ಕೊಯ್ದು, ಒಸರುವ ಹಾಲನ್ನು ಒಣಗಿಸಿ ಕಳುಹಿಸುತ್ತಾರೆ. ಇಲ್ಲಿ ಅದಕ್ಕೆ ಹಿಟ್ಟು, ಅಂಟು ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಸಮುದ್ರವಿಲ್ಲದ ನಾಡು ಅದು. ನಡುವೆ ಹಿಂದೂಕುಷ್ ಪರ್ವತಶ್ರೇಣಿ. ಚಳಿಗಾಲದಲ್ಲಿ ಹಿಮ ಬಿದ್ದರೆ ಎಷ್ಟೋ ಕಣಿವೆಗಳ ದಾರಿ ಮುಚ್ಚುತ್ತದೆ. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಒಳನುಗ್ಗಿದಂದಿನಿಂದ ಅಲ್ಲಿನ ಜನರಿಗೆ ಯುದ್ಧ ತಪ್ಪಿದ್ದಿಲ್ಲ. 1989ರಲ್ಲಿ ಆ ಸೇನೆ ಹಿಂದಿರುಗಿತು, ಒಳಜಗಳ ಉಳಿಯಿತು. 1996ರಲ್ಲಿ ತಾಲಿಬಾನ್, 2001ರಲ್ಲಿ ಅಮೆರಿಕದ ವಿಮಾನಗಳು. ಆನಂತರದ 20 ವರ್ಷಗಳನ್ನು ಚೇತರಿಕೆಯ ಕಾಲವೆಂದು ಜಗತ್ತು ಕರೆಯಿತು.

ಚೇತರಿಸಿಕೊಳ್ಳುತ್ತಿರುವ ದೇಶದಲ್ಲಿ ಪಯಣಿಸುವವನಿಗೆ ನೆಲವನ್ನು ನೋಡಿಕೊಂಡು ನಡೆಯುವ ಅಭ್ಯಾಸವಿರಬೇಕು. ಅಲ್ಲಿ ದಾರಿಯ ಬದಿಯ ಕಲ್ಲುಗಳಿಗೆ ಬಣ್ಣ ಬಳಿದಿರುತ್ತಾರೆ. ಬಿಳಿ ಬಣ್ಣವಿದ್ದರೆ ಹೂತಿಟ್ಟ ಸಿಡಿಮದ್ದನ್ನು ತೆಗೆದಾಗಿದೆ ಎಂದರ್ಥ. ಕೆಂಪು ಬಣ್ಣವಿದ್ದರೆ ಅದು ಇನ್ನೂ ಅಲ್ಲೇ ಇದೆ. ಎಷ್ಟೇ ಓದಿದ ವಿದೇಶಿಯಾದರೂ ಅಲ್ಲಿ ಒಬ್ಬ ಕುರಿಗಾಹಿ ಹುಡುಗನನ್ನು ನಂಬಿ ಅವನ ಹಿಂದೆ ಹೆಜ್ಜೆಯಿಡಬೇಕು. ಅತಿಥಿಯೆಂದರೆ ಯಾರೆಂಬುದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಉಪಕಾರ ಮಾಡಲು ಹೋದವನೇ ಉಪಕಾರ ಪಡೆಯುವವನಾಗುತ್ತಾನೆ. ಮನೆಗೆ ಬಂದವನಿಗೆ ತಮ್ಮ ಪಾಲಿನ ರೊಟ್ಟಿಯನ್ನು ಕೊಡುವುದು, ಆಶ್ರಯ ಕೇಳಿದವನನ್ನು ಪ್ರಾಣ ಪಣಕ್ಕಿಟ್ಟು ಕಾಯುವುದು ಅಲ್ಲಿನ ಪಶ್ತೂನ್ ಜನರಿಗೆ ಕುಲಧರ್ಮ. ನಮ್ಮ ಜಿಲ್ಲೆಯ ಅಬಲೂರು, ಮಾಸೂರುಗಳೊಂದಿಗೆ ಪರಂಪರೆಯು ಜೋಡಿಸುವ ಸರ್ವಜ್ಞನೂ ಭಿಕ್ಷೆಯ ಅನ್ನ ಉಣ್ಣುತ್ತ ಊರೂರು ತಿರುಗಿದವನೇ. ಊರಿನ ನಿಜವಾದ ಮುಖ ಕೈ ಚಾಚಿದವನಿಗೆ ಕಂಡಷ್ಟು ಕೈ ತುಂಬಿಕೊಂಡು ಹೋದವನಿಗೆ ಕಾಣುವುದಿಲ್ಲವೆಂದು ನನಗನ್ನಿಸುತ್ತದೆ.

ನಮ್ಮವರು ಹೋದದ್ದು ಹಾಗೆಯೇ. ಅಲ್ಲಿ ಬೀದಿಗೆ ತೆರೆದುಕೊಳ್ಳುವ ಚರ್ಚ್ ಇರಲಿಲ್ಲ. ಕಥೋಲಿಕರಿಗಿದ್ದುದು ಇಟಲಿಯ ರಾಯಭಾರ ಕಚೇರಿಯೊಳಗಿನ ಪ್ರಾರ್ಥನಾಲಯವೊಂದೇ. 2001ರ ಕ್ರಿಸ್ತಜಯಂತಿಯಂದು ಜಗದ್ಗುರು ಎರಡನೆಯ ಜಾನ್ ಪೌಲರು ಕಾಬೂಲಿನ ಮಕ್ಕಳಿಗಾಗಿ ಮೊರೆಯಿಟ್ಟರು. ಅದಕ್ಕೆ ಓಗೊಟ್ಟು ಇಟಲಿಯ ಧಾರ್ಮಿಕ ಸಭೆಗಳು ಬುದ್ಧಿಮಾಂದ್ಯ ಮಕ್ಕಳಿಗೊಂದು ಶಾಲೆ ತೆರೆದವು. ಬೇಳದ ಸಿಸ್ಟರ್ ದುಡಿದದ್ದು ಅಲ್ಲಿ. ಫಾದರ್ ಪೇದ್ರೊ ಅರುಪೆಯವರು 1980ರಲ್ಲಿ ಆರಂಭಿಸಿದ ಜೆಸ್ವಿಟ್ ರೆಫ್ಯೂಜಿ ಸರ್ವಿಸ್, ನಿರಾಶ್ರಿತರಾಗಿ ಹೋಗಿ ಮರಳಿದ ಕುಟುಂಬಗಳ ಮಕ್ಕಳಿಗೆ ಹೆರಾತ್, ಬಾಮಿಯಾನ್, ಕಾಬೂಲುಗಳಲ್ಲಿ ವಿದ್ಯೆ ಕೊಡುತ್ತಿತ್ತು. ತಮಿಳುನಾಡಿನ ಫಾದರ್ ಅಲೆಕ್ಸಿಸ್ ಪ್ರೇಮ್ ಕುಮಾರ್ ಅವರನ್ನು 2014ರ ಜೂನ್ 2ರಂದು ಹೆರಾತ್ ಪ್ರಾಂತ್ಯದ ಇಂಥದೇ ಶಾಲೆಯೊಂದಕ್ಕೆ ಹೋಗಿದ್ದಾಗ ಅಪಹರಿಸಲಾಯಿತು. ಅವರ ಬಿಡುಗಡೆಯಾದದ್ದು 2015ರ ಫೆಬ್ರವರಿ 22ರಂದು. ಇಷ್ಟಾದ ಮೇಲೂ ಶಾಲೆಗಳು ನಡೆದವು. ಗುರುಗಳು ಹೋಗುತ್ತಲೇ ಇದ್ದರು. ‘ಯಾರು ಹೋಗೆಂದರು?’ ಎಂಬ ಮೊದಲ ಮಾತಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ.

ಎರಡನೆಯ ಮಾತು ಕಠಿಣ. ತೋಳ ಬಂದಾಗ ಕುರಿಗಳನ್ನು ಬಿಟ್ಟೋಡುವ ಕೂಲಿಯಾಳಿನ ಬಗ್ಗೆ ಪ್ರಭು ಹೇಳಿದ ಮಾತು ಪ್ರತಿಯೊಬ್ಬ ಗುರುವಿನ ಮನಸ್ಸಾಕ್ಷಿಯನ್ನು ಚುಚ್ಚುತ್ತದೆ. ಧರ್ಮಸಭೆಯಲ್ಲಿ ಈ ಪ್ರಶ್ನೆ ಹಳೆಯದು. ವಾಂಡಲರು ಉತ್ತರ ಆಫ್ರಿಕೆಗೆ ನುಗ್ಗಿದಾಗ ಹೊನೊರಾತುಸ್ ಎಂಬ ಧರ್ಮಾಧ್ಯಕ್ಷರು ಗುರುಗಳು ಪಲಾಯನ ಮಾಡಬಹುದೇ ಎಂದು ಸಂತ ಅಗಸ್ಟೀನರನ್ನು ಕೇಳಿದ್ದರು. ಅಗಸ್ಟೀನರು ಉತ್ತರವಾಗಿ ದೀರ್ಘ ಪತ್ರ ಬರೆದರು. ಅಪಾಯ ಎಲ್ಲರಿಗೂ ಸಮಾನವಾಗಿದ್ದು ಜನರಿಗೆ ಗುರುವಿನ ಸೇವೆ ಬೇಕಿದ್ದರೆ ಆತ ಹೋಗಕೂಡದು. ಶತ್ರು ಹುಡುಕುತ್ತಿರುವುದು ಆತನೊಬ್ಬನನ್ನೇ ಆಗಿದ್ದು, ಜನರ ಸೇವೆಗೆ ಬೇರೆಯವರಿದ್ದರೆ ಹೋಗಬಹುದು ಎಂಬುದು ಅದರ ತಾತ್ಪರ್ಯ. ಸ್ವತಃ ಅವರು ಹಿಪ್ಪೊ ನಗರವನ್ನು ಬಿಡಲಿಲ್ಲ. 430ರಲ್ಲಿ, ನಗರಕ್ಕೆ ಮುತ್ತಿಗೆ ಬಿದ್ದಿರುವಾಗಲೇ ತೀರಿಕೊಂಡರು.

ಈ ಒರೆಗಲ್ಲಿಗೆ ಕಾಬೂಲನ್ನು ಹಚ್ಚಿ ನೋಡೋಣ. ಅಲ್ಲಿ ನಮ್ಮ ಗುರುಗಳಿಗೆ ಧರ್ಮಕೇಂದ್ರವಿರಲಿಲ್ಲ. ಅವರು ಕುರುಬರಲ್ಲ, ಅತಿಥಿಗಳು. ಪರದೇಶಿ ಪಾದ್ರಿಯೊಬ್ಬ ಮನೆಯಲ್ಲಿದ್ದಾನೆಂಬ ಸುದ್ದಿಯೇ ಆ ಮನೆಯವರಿಗೂ ಜೊತೆಗೆ ದುಡಿದ ಸ್ಥಳೀಯರಿಗೂ ಕುತ್ತು ತರಬಹುದಾಗಿದ್ದಾಗ, ಉಳಿಯುವುದೇ ಪ್ರೀತಿ ಎಂದು ಹೇಳಲಾಗದು. ಆದುದರಿಂದ ಅವರು ಹೊರಟದ್ದು ಸರಿಯೆಂದೇ ನನ್ನ ತೀರ್ಮಾನ. ಆದರೂ ಅವರ ಕೈಯಲ್ಲಿ ಪಾಸ್‌ಪೋರ್ಟ್ ಇತ್ತು, ಅವರಿಂದ ಕಲಿತ ಹುಡುಗಿಯರ ಕೈಯಲ್ಲಿ ಇರಲಿಲ್ಲ ಎಂಬ ಸತ್ಯವನ್ನು ಯಾವ ತೀರ್ಮಾನವೂ ಅಳಿಸದು. 2021ರಿಂದ ಆ ದೇಶದ ಹೆಣ್ಣುಮಕ್ಕಳಿಗೆ ಆರನೆಯ ತರಗತಿಯ ಮೇಲಿನ ಶಾಲೆ ಮುಚ್ಚಿದೆ. 2022ರ ಡಿಸೆಂಬರಿನಿಂದ ವಿಶ್ವವಿದ್ಯಾನಿಲಯವೂ ಮುಚ್ಚಿತು.

ಸಮಾರಿಯದವನು ನೆರವಿಗೆ ಬರುವುದು ಇಲ್ಲಿಯೇ. ಆತ ಹೊರಟ, ಆದರೆ ಲೆಕ್ಕ ಮುಚ್ಚಲಿಲ್ಲ. ಗಾಯಾಳುವನ್ನು ಮತ್ತೊಬ್ಬರ ವಶಕ್ಕೆ ಒಪ್ಪಿಸಿದ, ಹಣ ಕೊಟ್ಟ, ಮುಂದಿನ ಸಾಲವನ್ನು ತನ್ನ ತಲೆಯ ಮೇಲೆ ಹಾಕಿಕೊಂಡ, ಮರಳುವ ಮಾತು ಕೊಟ್ಟ. ತಪ್ಪಿರುವುದು ಹೋಗುವುದರಲ್ಲಲ್ಲ. ವಿಮಾನ ಏರಿದೊಡನೆ ಋಣ ಹರಿಯಿತೆಂದು ಭಾವಿಸುವುದರಲ್ಲಿದೆ. ದೆಹಲಿಯಲ್ಲಿ ಆಶ್ರಯ ಪಡೆದ ಅಫ್ಘನ್ ಕುಟುಂಬಗಳ ಮಕ್ಕಳಿಗೂ ಅದೇ ಜೆಸ್ವಿಟ್ ಸಂಸ್ಥೆ ಪಾಠ ಹೇಳಿಕೊಟ್ಟಿರುವುದು ಆ ತೆರೆದ ಲೆಕ್ಕದ ಒಂದು ಪುಟ.

ದೂರದ ಯುದ್ಧದ ಬಿಸಿ ನಮ್ಮ ಜಿಲ್ಲೆಗೆ ತಟ್ಟಿಲ್ಲವೆಂದು ಯಾರೂ ಹೇಳಲಾರರು. ಉಕ್ರೇನಿಗೆ ವೈದ್ಯಕೀಯ ಓದಲು ಹೋಗಿದ್ದ ರಾಣೇಬೆನ್ನೂರು ತಾಲ್ಲೂಕು ಚಳಗೇರಿಯ ತರುಣನು 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ, ಆಹಾರ ತರಲು ಹೊರಬಂದಿದ್ದಾಗ ದಾಳಿಗೆ ಬಲಿಯಾದ. ಪಾರ್ಥಿವ ಶರೀರ ಊರಿಗೆ ಬಂದದ್ದು ಅದೇ ತಿಂಗಳ 21ರಂದು. ಮಗ ವೈದ್ಯನಾಗಲಿಲ್ಲ, ಆ ಶರೀರದಿಂದ ಬೇರೆ ಮಕ್ಕಳಾದರೂ ವೈದ್ಯವಿದ್ಯೆ ಕಲಿಯಲೆಂದು ಕುಟುಂಬದವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿತ್ತರು. ದುಃಖದ ಆ ಗಳಿಗೆಯಲ್ಲಿಯೂ ಪರರ ಮಕ್ಕಳನ್ನು ನೆನೆದ ಆ ಮನೆಯ ಮುಂದೆ ನಾನು ತಲೆಬಾಗುತ್ತೇನೆ.

ಪ್ರಿಯ ಓದುಗರೇ, ನಮ್ಮಲ್ಲಿ ಹೆಚ್ಚಿನವರು ಹಿಂದೂಕುಷ್ ದಾಟುವವರಲ್ಲ. ಸಾಮತಿಯಲ್ಲಿ ನಮಗೆ ಸಿಗಬಹುದಾದ ಪಾತ್ರ ಛತ್ರದವನದು. ಈ ಸೀಮೆಗೆ ಅದು ಹೊಸತೇನಲ್ಲ. ಹಾನಗಲ್ ದಾಟಿದರೆ ಸಿಗುವ ಮುಂಡಗೋಡಿನಲ್ಲಿ, ಇನ್ನೊಂದು ಪರ್ವತನಾಡಾದ ಟಿಬೆಟಿನಿಂದ ಓಡಿಬಂದವರು 1966ರಿಂದ ಬಾಳುತ್ತಿದ್ದಾರೆ. ಅಲ್ಲಿಯೇ ಹುಟ್ಟಿ ಬೆಳೆದವರು ಕನ್ನಡವನ್ನೂ ಆಡುತ್ತಾರೆ. ಕಾಬೂಲ್ ಬಿದ್ದಾಗ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಅಫ್ಘನ್ ವಿದ್ಯಾರ್ಥಿಗಳು ಮನೆಯವರ ಸುದ್ದಿ ತಿಳಿಯದೆ ಕಂಗಾಲಾಗಿದ್ದರು.

ನಮ್ಮ ಊರುಗಳಿಗೂ ಜನ ಬರುತ್ತಲೇ ಇದ್ದಾರೆ. ಹಂಗಾಮಿನಲ್ಲಿ ಬ್ಯಾಡಗಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು, ಹಾವೇರಿಗೆ ಕಟ್ಟಡ ಕೆಲಸದ ಪರರಾಜ್ಯದ ಹುಡುಗರು, ರಾಣೇಬೆನ್ನೂರಿಗೆ ಓದುವ ಮಕ್ಕಳು. ‘ಮನೆ ಬಾಡಿಗೆಗಿದೆ’ ಎಂಬ ಫಲಕ ನೋಡಿ ಇವರಲ್ಲೊಬ್ಬರು ಬಂದು ಬಾಗಿಲು ತಟ್ಟಿದಾಗ, ನಮ್ಮ ಕ್ರೈಸ್ತ ಮನೆಗಳಲ್ಲಿಯೂ ಅಡ್ವಾನ್ಸಿನ ಮಾತಿಗೆ ಮೊದಲು ಬರುವ ಪ್ರಶ್ನೆ ‘ನೀವು ಯಾವ ಜನ?’ ಎಂಬುದೇ. ಈ ತಿಂಗಳು ಕುಟುಂಬ ಪ್ರಾರ್ಥನೆ ಮುಗಿದ ಮೇಲೆ, ಆ ಪ್ರಶ್ನೆಯನ್ನು ನಾವೇಕೆ ಕೇಳುತ್ತೇವೆಂದು ಮನೆಮಂದಿಯೆಲ್ಲ ಕುಳಿತು ಮಾತನಾಡಿ ನೋಡಿ.