ಸರ್ವರಿನ ದೇಹಾಂತರ

ಒಂದು ದೇಹವನ್ನು ಬಿಟ್ಟು ಮತ್ತೊಂದನ್ನು ಹೊಂದುವ ಜೀವನೊಡನೆ ಹೋಗತಕ್ಕದ್ದೇನು, ಹಿಂದೆ ಉಳಿಯತಕ್ಕದ್ದೇನು ಎಂಬುದನ್ನು ನಮ್ಮ ದರ್ಶನಕಾರರು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ವಿಚಾರಿಸಿದ್ದಾರೆ. ಆ ವಿಚಾರದಲ್ಲಿ ಅವರಿಗೆ ಶ್ರುತಿಯ ಬಲವಿತ್ತು, ಯುಕ್ತಿಯ ಬಲವಿತ್ತು. ಪ್ರತ್ಯಕ್ಷದ ಬಲ ಮಾತ್ರ ಇರಲಿಲ್ಲ. ಸತ್ತು ಹುಟ್ಟಿದವನ ಎರಡು ದೇಹಗಳನ್ನೂ ಏಕಕಾಲದಲ್ಲಿ ಮುಂದಿರಿಸಿಕೊಂಡು ಹೋಲಿಸಿ ನೋಡುವ ಅವಕಾಶ ಯಾರಿಗುಂಟು? ಅನೇಕರ ಜಾಲತಾಣಗಳನ್ನೂ ಇಮೇಲುಗಳನ್ನೂ ಹೊತ್ತ ಹಳೆಯ ಸರ್ವರನ್ನು ಹೊಸ ಯಂತ್ರಕ್ಕೆ ವರ್ಗಾಯಿಸುವವರಿಗೆ, ಅವರು ಕೇಳದೆಯೇ, ಅಂಥದೊಂದು ಅವಕಾಶ ಒದಗುತ್ತದೆ.

ಸೆಂಟ್‌ಓಎಸ್ 7 ಎಂಬ ಲಿನಕ್ಸ್ ವ್ಯವಸ್ಥೆಯನ್ನೇ ತೆಗೆದುಕೊಳ್ಳೋಣ. ಅಸಂಖ್ಯಾತ ಹೋಸ್ಟಿಂಗ್ ಸರ್ವರುಗಳಿಗೆ ದೇಹವಾಗಿದ್ದ ಅದರ ಪೋಷಣೆ 2024ರ ಜೂನ್ 30ಕ್ಕೆ ನಿಂತುಹೋಯಿತು. ಆ ಜೀರ್ಣದೇಹವನ್ನು ಇದ್ದಲ್ಲಿಯೇ ನವೀಕರಿಸುವ ಉಪಾಯಗಳು ಇಲ್ಲದಿಲ್ಲ; ಆದರೆ ಹತ್ತು ವರ್ಷಗಳ ತೇಪೆಗಳ ಮೇಲೆ ಇನ್ನೊಂದು ತೇಪೆಯನ್ನು ಹಾಕುವುದಕ್ಕಿಂತ, ಅಲ್ಮಾಲಿನಕ್ಸನ್ನೋ ಡೆಬಿಯನ್ನನ್ನೋ ಬೇರೊಂದು ಯಂತ್ರದಲ್ಲಿ ಹೊಸದಾಗಿ ಸ್ಥಾಪಿಸಿ, ಬೇಕಾದುದನ್ನಷ್ಟೇ ಅಲ್ಲಿಗೆ ಒಯ್ಯುವುದು ಲೇಸೆಂದು ಅನುಭವಸ್ಥರು ಹೇಳುತ್ತಾರೆ. ಬೃಹದಾರಣ್ಯಕೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಹುಲ್ಲಿನ ಹುಳುವಿನ ದೃಷ್ಟಾಂತವೊಂದು ಬರುತ್ತದೆ: ಮುಂದಿನ ಆಶ್ರಯವನ್ನು ಹಿಡಿದುಕೊಂಡ ಬಳಿಕವೇ ಅದು ಹಿಂದಿನ ಎಸಳಿನಿಂದ ಮೈಯನ್ನು ಸೆಳೆದುಕೊಳ್ಳುತ್ತದೆ, ಜೀವನೂ ಹಾಗೆಯೇ. ಹೊಸ ಯಂತ್ರ ಸಿದ್ಧವಾಗುವ ಮುನ್ನವೇ ಹಳೆಯದರ ಬಾಡಿಗೆಯನ್ನು ನಿಲ್ಲಿಸುವ ಮಿತವ್ಯಯಿಗಿಂತ ಆ ಹುಳುವೇ ವಿವೇಕಿ.

ಸ್ಥೂಲದೇಹವು ಬಿದ್ದುಹೋದರೂ 17 ಅವಯವಗಳುಳ್ಳ ಲಿಂಗಶರೀರವು ಜೀವನೊಡನೆ ಸಾಗುತ್ತದೆಂಬುದು ವೇದಾಂತಿಗಳ ಮತ. ಇಲ್ಲಿಯೂ ಕರ್ನೆಲ್ ಮೊದಲಾದ ಸ್ಥೂಲಭಾಗವೆಲ್ಲ ಹಿಂದೆ ಉಳಿಯುತ್ತದೆ. ಡೇಟಾಬೇಸುಗಳು, ಗೂಢರೂಪದ ಪಾಸ್‌ವರ್ಡುಗಳು, ಮೇಲ್‌ಪೆಟ್ಟಿಗೆಗಳು ಮುಂದೆ ಹೋಗುತ್ತವೆ. ಮೇಲ್‌ಪೆಟ್ಟಿಗೆಯೊಂದನ್ನು ತೆರೆದು ನೋಡುವುದು ಸಾರ್ಥಕ. ಮೇಲ್‌ಡಿರ್ ಎಂಬ ಕ್ರಮದಲ್ಲಿ ಒಂದೊಂದು ಪತ್ರವೂ ಒಂದೊಂದು ಫೈಲು. ಅದರ ಹೆಸರಿನ ಆದಿಯಲ್ಲಿ, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳ ಲೆಕ್ಕದಲ್ಲಿ, ಪತ್ರ ಬಂದ ಹೊತ್ತು. ನಡುವೆ ಅದನ್ನು ಬರಮಾಡಿಕೊಂಡ ಯಂತ್ರದ ಹೆಸರು. ಕೊನೆಯಲ್ಲಿ, ಉತ್ತರ ಬರೆದಾಗಿದ್ದರೆ ‘ಆರ್’ ಎಂದೂ ಓದಿಯಾಗಿದ್ದರೆ ‘ಎಸ್’ ಎಂದೂ ಅಕ್ಷರಗಳು. ಆರ್‌ಸಿಂಕ್ ಎಂಬ ಸಾಧನವು ಈ ಫೈಲುಗಳನ್ನು ಹೊಸ ಯಂತ್ರಕ್ಕೆ ಮುಟ್ಟಿಸುವಾಗ ಹೆಸರನ್ನು ಕದಲಿಸುವುದಿಲ್ಲವಾದ್ದರಿಂದ, ಹಳೆಯ ಯಂತ್ರ ಗುಜರಿಗೆ ಹೋದ ಎಷ್ಟೋ ವರ್ಷಗಳ ಮೇಲೂ ಅದರ ಹೆಸರನ್ನು ಹೊಸದು ತನ್ನೊಳಗೆ, ತನಗೇ ತಿಳಿಯದ ಪೂರ್ವವಾಸನೆಯಂತೆ, ಹೊತ್ತಿರುತ್ತದೆ.

ಆದರೆ ಹುಳುವಿನ ದೃಷ್ಟಾಂತ ಇಲ್ಲಿ ಒಂದು ಕಡೆ ತಪ್ಪುತ್ತದೆ. ಒಯ್ಯುವುದೆಂದು ನಾವು ಆಡಿಕೊಂಡರೂ ವಸ್ತುತಃ ಏನೂ ಅಲ್ಲಿಂದ ಇಲ್ಲಿಗೆ ಬರುವುದಿಲ್ಲ; ಅಲ್ಲಿದ್ದುದು ಅಲ್ಲಿಯೇ ಇದ್ದು, ಇಲ್ಲಿ ಅಂಥದೇ ಮತ್ತೊಂದು ಹುಟ್ಟುತ್ತದೆ. ದೀಪದಿಂದ ದೀಪವನ್ನು ಹೊತ್ತಿಸಿದಾಗ ಯಾವುದೂ ದಾಟಿಹೋಗುವುದಿಲ್ಲವೆಂದು ಮಿಲಿಂದರಾಜನಿಗೆ ಹೇಳಿದ ಬೌದ್ಧಭಿಕ್ಷು ನಾಗಸೇನನ ಪಕ್ಷಕ್ಕೆ ಇದು ಹೆಚ್ಚು ಸಮೀಪ. ಅಂತೆಯೇ ಕೆಲಕಾಲ ಎರಡು ಸರ್ವರುಗಳೂ ಉಸಿರಾಡುತ್ತಿರುತ್ತವೆ. ಡೊಮೈನಿನ ವಿಳಾಸವನ್ನು ಹೊರಗಿನ ಯಂತ್ರಗಳು ನೆನಪಿನಲ್ಲಿಟ್ಟುಕೊಳ್ಳತಕ್ಕ ಅವಧಿ 86400 ಸೆಕೆಂಡುಗಳಿದ್ದರೆ, ಜಾಣರು ಅದನ್ನು ಮುಂಚಿತವಾಗಿಯೇ 300ಕ್ಕೆ ಇಳಿಸಿಟ್ಟಿರುತ್ತಾರೆ; ಹಾಗಿದ್ದೂ ಆ ವಿಳಾಸವನ್ನು ತಿಳಿಸುವ ಡಿಎನ್‌ಎಸ್ ದಾಖಲೆ ಬದಲಾದ ಮೇಲೆ ಒಂದೆರಡು ಪತ್ರಗಳು ಹಳೆಯ ಮನೆಗೇ ಹೋಗಿ ಬೀಳುವುದುಂಟು. ಆ ಹೊತ್ತಿನಲ್ಲಿ ನಿಜವಾದ ಸರ್ವರು ಯಾವುದೆಂದು ಕೇಳಿದರೆ ಉತ್ತರವು ಆ ಎರಡು ಯಂತ್ರಗಳೊಳಗೆ ಎಲ್ಲಿಯೂ ಇಲ್ಲ. ಜಗತ್ತು ಯಾವುದನ್ನು ಆ ಹೆಸರಿನಿಂದ ಕಾಣುತ್ತದೆಯೋ ಅದೇ ಅದು.

ಕ್ಷಣಭಂಗವಾದಿಗಳಾದ ಬೌದ್ಧರ ಮೇಲೆ ಇತರ ದರ್ಶನಕಾರರು ಎರಡು ದೋಷಗಳನ್ನು ಹೊರಿಸಿದ್ದರು: ನಿತ್ಯನಾದ ಆತ್ಮನೊಬ್ಬನಿಲ್ಲದಿದ್ದರೆ ಮಾಡಿದ ಕರ್ಮ ಫಲವಿಲ್ಲದೆ ನಾಶವಾಗಬೇಕಾಗುತ್ತದೆ, ಮಾಡದ ಕರ್ಮದ ಫಲ ಬಂದೆರಗಬೇಕಾಗುತ್ತದೆ, ಒಂದು ಕೃತಹಾನಿ, ಮತ್ತೊಂದು ಅಕೃತಾಭ್ಯಾಗಮ. ಈ ಎರಡೂ ಮೇಲ್ ಸರ್ವರಿನ ಪಾಲಿಗೆ ತರ್ಕಶಾಸ್ತ್ರದ ಬೆದರಿಕೆಗಳಲ್ಲ, ನಿತ್ಯದ ಸಂಗತಿಗಳು. ಹಳೆಯ ಐಪಿ ವಿಳಾಸದಿಂದ ವರ್ಷಗಟ್ಟಲೆ ಸಭ್ಯವಾಗಿ ಪತ್ರ ಕಳುಹಿಸಿ ಗಳಿಸಿದ ವಿಶ್ವಾಸ ಹೊಸ ಐಪಿಯೊಡನೆ ಬರುವುದಿಲ್ಲ. ಅಷ್ಟೇ ಅಲ್ಲ, ಆ ಹೊಸ ವಿಳಾಸದಲ್ಲಿ ಹಿಂದೆ ವಾಸಿಸಿದ್ದವನು ಸ್ಪ್ಯಾಮ್ ಹಂಚುವವನಾಗಿದ್ದರೆ, ಅವನ ಪಾಪವು ಕಪ್ಪುಪಟ್ಟಿಯಲ್ಲಿ ನಮ್ಮ ತಲೆಯ ಮೇಲೆ ಕುಳಿತಿರುತ್ತದೆ. ಪತ್ರವು ಡೊಮೈನಿನ ಹೆಸರಿನಲ್ಲಿಯೇ ಹೊರಟಿತೆಂದು ಸಾರುವ ಡಿಕಿಮ್ ಸಹಿಯ ಕೀಲಿಯನ್ನು ಹೊಸ ಯಂತ್ರಕ್ಕೆ ತಂದಿದ್ದರೆ ಡೊಮೈನಿನ ಹೆಸರಿಗೆ ಅಂಟಿದ ಪುಣ್ಯವಷ್ಟೇ ಜೊತೆಗೆ ಬರುತ್ತದೆ. ಸ್ಥಾನಕ್ಕೆ ಅಂಟಿದ್ದು ಅಲ್ಲಿಯೇ ಉಳಿಯುತ್ತದೆ. ಕರ್ಮದ ಲೆಕ್ಕ ಕರ್ತೃವಿನೊಳಗೆ ಇರುತ್ತದೆಂದು ನಂಬಿದವರು ಇದನ್ನು ಸ್ವಲ್ಪ ನಿಂತು ನೋಡಬೇಕು. ಒಂದು ಅಕ್ಷರವೂ ತಪ್ಪದಂತೆ ಎಲ್ಲವನ್ನೂ ತಂದರೂ ತರಲಾಗದ ಭಾಗವೊಂದುಂಟೆಂದರೆ, ಆ ಭಾಗವು ಮೊದಲಿನಿಂದಲೂ ಇತರರ ಪುಸ್ತಕದಲ್ಲಿಯೇ ಬರೆದಿತ್ತೆಂದಲ್ಲವೇ?

ಕರ್ಮವು ಅಪೂರ್ವವೆಂಬ ತನ್ನದೇ ಶಕ್ತಿಯಿಂದ ಫಲ ಕೊಡುತ್ತದೆಂದು ಮೀಮಾಂಸಕರು ಹೇಳಿದರು. ಜಡವಾದ ಕರ್ಮ ತಾನಾಗಿ ಫಲಿಸಲಾರದು, ಫಲವನ್ನು ಕೊಡಲು ಈಶ್ವರನೊಬ್ಬನು ಬೇಕೆಂದು ನೈಯಾಯಿಕರು ಹೇಳಿದರು. ಇಲ್ಲಿ ನೈಯಾಯಿಕರ ಮಾತೇ ಹೆಚ್ಚು ಒಪ್ಪುತ್ತದೆಂದು ನನಗೆ ತೋರುತ್ತದೆ, ಒಂದು ತಿದ್ದುಪಡಿಯೊಡನೆ: ಅವರ ಈಶ್ವರನು ಒಬ್ಬನು, ಸರ್ವಜ್ಞನು; ಇಲ್ಲಿಯ ಫಲದಾತರಾದರೋ, ಎಂದರೆ ಪತ್ರವನ್ನು ಬರಮಾಡಿಕೊಳ್ಳುವವರು, ಹಲವರು, ಒಬ್ಬರ ಲೆಕ್ಕವನ್ನು ಮತ್ತೊಬ್ಬರು ಒಪ್ಪಬೇಕೆಂದಿಲ್ಲ, ಅದೇ ಸರ್ವರು ಅದೇ ಗಳಿಗೆಯಲ್ಲಿ ಕಳುಹಿದ ಒಂದೇ ಪತ್ರವನ್ನು ಒಬ್ಬರು ಇನ್‌ಬಾಕ್ಸಿಗೂ ಇನ್ನೊಬ್ಬರು ಸ್ಪ್ಯಾಮಿಗೂ ಹಾಕುತ್ತಾರೆ; ಕಪ್ಪುಪಟ್ಟಿಯಿಂದ ಹೆಸರನ್ನು ತೆಗೆಸಬೇಕಾದರೆ ಒಂದೊಂದು ಪಟ್ಟಿಗೂ ಬೇರೆ ಬೇರೆಯಾಗಿಯೇ ಅರ್ಜಿ ಬರೆಯಬೇಕು.